ವೆಲ್ಯಾಂಕಾಳ ಕೈಯಳತೆಯ ಆವಿಡಬ್ಬಿ

ಪ್ರಿಲೆಪ್‌ನಲ್ಲಿ ಹುಟ್ಟಿ, ಪ್ರಿಲೆಪ್‌ನಲ್ಲೇ ಬೆಳೆದು, ಒಂದು ಸಿಗರೇಟನ್ನೂ ಸೇದದೆ ಮುದುಕನಾದ ಗಂಡಸು ನಾನೊಬ್ಬನೇ ಇರಬೇಕು. ಊರಿನ ಅರ್ಧ ಜನ ಹೊಗೆಸೊಪ್ಪು ಬೆಳೆದು ಬದುಕಿದವರು, ಇನ್ನರ್ಧ ಜನ ಅದನ್ನು ಒಣಗಿಸಿ, ವಿಂಗಡಿಸಿ, ಕಂತೆ ಕಟ್ಟಿ ಬದುಕಿದವರು. ನಾನು ರೇಡಿಯೊ, ಟೀವಿ ರಿಪೇರಿ ಮಾಡಿಕೊಂಡಿದ್ದವನು. ಬೆಸುಗೆಯ ಹೊಗೆಯೇ ನನ್ನ ಮೂಗಿಗೆ ಸಾಕಾಗಿತ್ತು. ಹೆಂಡತಿ ವೆಲ್ಯಾಂಕಾ ಮಾತ್ರ ನನ್ನ ಪಾಲಿನದನ್ನೂ ಸೇರಿಸಿಯೇ ಸೇದಿದಳು. ಕೇಳಿದರೆ, "ಇಬ್ಬರದೂ ಸೇರಿ ಸರಾಸರಿ ಸರಿಹೋಗ್ಬೇಕಲ್ಲ ನೌಮ್" ಅನ್ನುತ್ತಿದ್ದಳು.

ಅವಳ ಕೈಗೆ ಗೊಂಬೆ ಕೊಡುವ ವಯಸ್ಸಿನಲ್ಲಿ ದಬ್ಬಳ ಕೊಟ್ಟಿದ್ದರು. ಹಸಿ ಎಲೆಯನ್ನು ಒಂದೊಂದಾಗಿ ದಬ್ಬಳಕ್ಕೆ ಪೋಣಿಸುವುದು, ದಾರಕ್ಕೆ ಜಾರಿಸುವುದು, ಸೂರಿನ ಕೆಳಗೆ ಸರವಾಗಿ ತೂಗುಹಾಕುವುದು. ಬೇಸಿಗೆ ಬಂತೆಂದರೆ ಬೆಳಗ್ಗೆಯಿಂದ ಸಂಜೆಯವರೆಗೆ ಅದೇ. ಹಾಗಾಗಿ ಅವಳ ಬಲಗೈಯ ತೋರುಬೆರಳು ಈಗ ಕೊಕ್ಕೆಯ ಹಾಗೆ ಬಾಗಿ ನಿಂತಿದೆ, ಹೆಬ್ಬೆರಳಿನ ಗೆಣ್ಣು ಮಡಚುವುದೇ ಇಲ್ಲ. ಆ ಎರಡು ಬೆರಳ ನಡುವೆ ಸಿಗರೇಟು ಮಾತ್ರ ಹೇಳಿ ಮಾಡಿಸಿದಂತೆ ಕೂತುಕೊಳ್ಳುತ್ತಿತ್ತು. ಚಮಚ ಜಾರುತ್ತಿತ್ತು, ಗುಂಡಿ ಜಾರುತ್ತಿತ್ತು, ಸಿಗರೇಟು ಜಾರುತ್ತಿರಲಿಲ್ಲ.

ಹೀಗಿರುವಾಗ ಬೇಸಿಗೆಯ ಕೊನೆಗೆ ನಮ್ಮ ಮಗಳು ಗೊರ್ದಾನಾ ಗಂಡನ ಊರಾದ ಬಿತೋಲದಲ್ಲಿ ಹೆಣ್ಣುಮಗು ಹೆತ್ತಳು.

ನಮ್ಮಲ್ಲಿ ಬಾಣಂತಿ ನಲವತ್ತು ದಿನ ಹೊಸಿಲು ದಾಟುವ ಹಾಗಿಲ್ಲ. ದಾಟಿದ ಮೇಲೆ ಮಗು ಮೊದಲು ಯಾರ ಮನೆಗೆ ಹೋಗುತ್ತದೆ ಎಂಬುದು ಸಣ್ಣ ಮಾತಲ್ಲ. ಆ ಮನೆಯವರು ಮಗುವಿನ ಮಡಿಲಿಗೆ ಒಂದು ಮೊಟ್ಟೆ, ಒಂದು ಹಿಡಿ ಸಕ್ಕರೆ ಇಡುತ್ತಾರೆ. ನೆತ್ತಿಗೆ ಹತ್ತಿ ಸವರಿ, "ಕೂದಲು ಇಷ್ಟು ಬೆಳ್ಳಗಾಗೋ ತನಕ ಬಾಳು" ಅನ್ನುತ್ತಾರೆ. ವೆಲ್ಯಾಂಕಾ ಹತ್ತಿಯನ್ನು ಮಗು ಹುಟ್ಟುವ ಮೊದಲೇ ತಂದು ಬೀರುವಿನಲ್ಲಿಟ್ಟಿದ್ದಳು. ಬೀಗಿತ್ತಿ ಮೊದಲಾಗಬಾರದು ಎಂಬುದೊಂದೇ ಅವಳ ಜಪ.

ಮಗಳು ಫೋನು ಮಾಡಿದಳು. ನಮ್ಮ ಮನೆಯಲ್ಲಿ ಫೋನು ಎಂದರೆ ಸ್ಪೀಕರಿನಲ್ಲೇ, ನಾನೂ ಕೇಳಬೇಕು.

"ಅಮ್ಮಾ, ಮೊದಲು ನಿನ್ ಹತ್ರಾನೇ ಬರಬೇಕು ಅಂತ ನನಗೂ ಆಸೆ. ಆದ್ರೆ ಆ ಮನೆ ಗೋಡೆ ಕೂಡ ಹೊಗೆ ಬಿಡುತ್ತೆ. ಪಾಪುಗೆ ಎದೇಲಿ ಗೊರಗೊರ ಅನ್ನುತ್ತೆ, ಹೊಗೆ ಸೋಕಿಸಲೇಬೇಡಿ ಅಂದಿದಾರೆ ಡಾಕ್ಟರು. ನೀನು ಸಿಗರೇಟು ಬಿಟ್ರೆ ಬರ್ತೀನಿ. ಇಲ್ಲಾಂದ್ರೆ ಅತ್ತೆ ಮನೆಗೆ ಹೋಗ್ತೀನಿ."

"ನಿನ್ನ ಅತ್ತೆ ಮನೇಲಿ ನಾಯಿ ಸೋಫಾ ಮೇಲೆ ಮಲಗುತ್ತೆ!"

"ನಾಯಿ ಸಿಗರೇಟು ಸೇದಲ್ಲಮ್ಮ."

ವೆಲ್ಯಾಂಕಾ ಫೋನು ಇಟ್ಟಳು. ಒಲೆಯ ಅಂಚಿನಿಂದ ಪೊಟ್ಟಣ ತೆಗೆದಳು. ನಮ್ಮ ಕಟ್ಟಿಗೆ ಒಲೆಯ ಪಕ್ಕಕ್ಕೊಂದು ಕಬ್ಬಿಣದ ಅಂಚಿದೆ. ಈ ಊರಿನ ಎಲ್ಲರ ಮನೆಯಲ್ಲೂ ಸಿಗರೇಟಿನ ಜಾಗ ಅದೇ, ಚಳಿಗಾಲದ ತೇವಕ್ಕೆ ತಂಬಾಕು ಮೆತ್ತಗಾಗಬಾರದಲ್ಲ. ಒಂದು ಹಚ್ಚಿದಳು, ಅರ್ಧ ಸೇದಿದಳು, ನನ್ನ ಮುಖ ನೋಡಿದಳು.

"ಏನು ನೋಡ್ತಿದೀಯ? ಬಿಡ್ತೀನಿ. ಇದೊಂದು ಮುಗೀಲಿ."

ಬಿಡುವುದೆಂದರೆ ಹೇಗೆ? ಮೊದಲು ಸೂರ್ಯಕಾಂತಿ ಬೀಜ ತಿಂದಳು. ಅಡುಗೆಮನೆ ನೆಲವೆಲ್ಲ ಸಿಪ್ಪೆ, ನಡೆದರೆ ಹಿಮದ ಮೇಲೆ ನಡೆದ ಸದ್ದು. ಆಮೇಲೆ ಪುದೀನದ ಪೆಪ್ಪರಮೆಂಟು. ಅದರಿಂದ ಹಲ್ಲುನೋವು ಬಂತು, ಹಲ್ಲುನೋವು ಬಂದದ್ದಕ್ಕೆ ಸಿಗರೇಟು ಬಂತು. ಕೊನೆಗೆ ನಾನೇ ಅಂಗಡಿಯಿಂದ ವೇಪ್ ತಂದುಕೊಟ್ಟೆ. ಹೊಗೆ ಇಲ್ಲ, ಬೆಂಕಿ ಇಲ್ಲ, ಒಳಗಿನ ದ್ರವ ಬಿಸಿಯಾಗಿ ಆವಿಯಾಗುತ್ತದೆ, ಅಷ್ಟೇ. ಅಮೃತವೇನಲ್ಲ, ಆದರೂ ಅಂಗಳದಲ್ಲಿ ನಿಂತು ಎರಡು ಸಲ ಎಳೆದು, ಕೈ ತೊಳೆದು ಒಳಗೆ ಬಂದರೆ ಮನೆ ಮನೆಯಾಗಿ ಉಳಿಯುತ್ತದೆ ಎಂದು ನನ್ನ ಲೆಕ್ಕ. ಗೊರ್ದಾನಾಳನ್ನು ಕೇಳಿದೆ. "ಮನೆ ಒಳಗೆ ಅದೂ ಬೇಡ. ನಿಧಾನಕ್ಕೆ ಅದನ್ನೂ ಬಿಡಬೇಕು. ಅಷ್ಟಕ್ಕೆ ಒಪ್ಪಿದ್ರೆ ಸರಿ ಅಪ್ಪ" ಅಂದಳು.

ಮೊದಲನೆಯದು ಪೆನ್ನಿನಂಥ ಕಡ್ಡಿ. ವೆಲ್ಯಾಂಕಾಳ ಬೆರಳಿಂದ ಜಾರಿ ನೇರ ಹುರುಳಿಕಾಯಿ ಬೀಜದ ಮಡಕೆಗೆ ಬಿತ್ತು. ಆ ದಿನದ ಸಾರಿನಲ್ಲಿ ಸ್ಟ್ರಾಬೆರಿಯ ವಾಸನೆ. ಎರಡನೆಯದು ಇಟ್ಟಿಗೆಯಷ್ಟು ದಪ್ಪ, ಅದರ ಗುಂಡಿ ಮಾತ್ರ ಮಸೂರ ಬೇಳೆಯಷ್ಟು. ಮಡಚದ ಹೆಬ್ಬೆರಳಿಗೆ ಅದು ಸಿಗುವುದುಂಟೆ?

"ಮೂಗಿಗಿಂತ ಮೂಗುತಿ ಭಾರ" ಅಂದಳು. "ಇದನ್ನ ಮಾಡಿದೋನು ಅವನ ಕೈಗೆ ಮಾಡ್ಕೊಂಡಿದಾನೆ. ನನ್ನ ಕೈ ಯಾರು ನೋಡ್ತಾರೆ?"

ಆ ಮಾತು ನನ್ನ ತಲೆಯೊಳಗೆ ಹುಳದಂತೆ ಕೊರೆಯಿತು. ನಲವತ್ತು ವರ್ಷ ಬೇರೆಯವರ ಪೆಟ್ಟಿಗೆ ಬಿಚ್ಚಿ ಕೂತವನು ನಾನು. ಒಂದು ಪುಟ್ಟ ಡಬ್ಬಿ ಮಾಡಲಾರೆನೆ? ಒಳಗೆ ಇರಬೇಕಾದ್ದೇನು? ಒಂದು ಬ್ಯಾಟರಿ. ಅದು ಅತಿಯಾಗಿ ಕಾಯದಂತೆ, ತಂತಿ ತಂತಿ ತಾಗಿದರೆ ತಾನೇ ನಿಲ್ಲುವಂತೆ ಕಾಯುವ ಒಂದು ಸಣ್ಣ ಹಲಗೆ. ಒಂದು ಗುಂಡಿ. ಮೇಲೆ, ಬಾಯಿಗಿಡುವ ದ್ರವದ ಕುಪ್ಪಿ. ಅದು ಸಿದ್ಧವಾಗಿಯೇ ಸಿಗುತ್ತದೆ. ಉಳಿದದ್ದು ಮೈ. ಮೈಗೆ ತಾಸೆ ಇದ್ದಾನೆ.

ತಾಸೆ ನಮ್ಮ ಕೂಮ್. ಅಂದರೆ ಅವನಪ್ಪ ನಮ್ಮ ಮದುವೆಗೆ ಸಾಕ್ಷಿಯಾಗಿ ತಲೆಯ ಮೇಲೆ ಕಿರೀಟ ಹಿಡಿದವನು, ಗೊರ್ದಾನಾಳಿಗೆ ಹೆಸರಿಟ್ಟವನು. ಅಪ್ಪ ಹೋದ ಮೇಲೆ ಆ ಸಂಬಂಧ ಮಗನಿಗೆ ಬಂತು. ಜಗಳವಾಡಿದರೂ ಕಳಚದ ನೆಂಟು ಅದು. ಅವನಿಗೆ ನಾನೂ ಕೂಮ್, ವೆಲ್ಯಾಂಕಾ ಕೂಮಾ. ಗಡಿಯಾರ ಗೋಪುರದ ಹಿಂದೆ ಹೊಲಿಗೆಯಂತ್ರ ರಿಪೇರಿ ಅಂಗಡಿ ಇಟ್ಟಿದ್ದಾನೆ. ಹಳೆಯ ಯಂತ್ರಗಳ ಹಲ್ಲುಚಕ್ರ ಎಲ್ಲೂ ಸಿಗುವುದಿಲ್ಲವೆಂದು ಮೂರು ವರ್ಷದ ಹಿಂದೆ ಒಂದು ತ್ರೀಡಿ ಪ್ರಿಂಟರ್ ತಂದ. ಪ್ಲಾಸ್ಟಿಕ್ ದಾರವನ್ನು ಕರಗಿಸಿ ಪದರದ ಮೇಲೆ ಪದರ ಇಟ್ಟು ವಸ್ತು ಮಾಡುವ ಯಂತ್ರ. ಈಗ ಊರಿನ ಒಲೆಗಳ ತಿರುಗಣೆ, ಫ್ರಿಜ್ಜಿನ ಹಿಡಿಕೆ, ಪಾದ್ರಿಯ ಕನ್ನಡಕದ ಕಿವಿ, ಎಲ್ಲ ಅವನಲ್ಲೇ ಹುಟ್ಟುತ್ತವೆ.

"ಕೂಮ್, ಡಬ್ಬಿ ಮಾಡೋದು ನೀರು ಕುಡಿದಷ್ಟು ಸುಲಭ" ಅಂದ ತಾಸೆ. "ಆದ್ರೆ ಕೂಮಾ ಕೈ ಅಳತೆ ಬೇಕು. ಟೇಪು ಹಿಡಿದು ಅಳೆಯೋ ಕೈಯಲ್ಲ ಅದು."

ಹೇಗೆ ಅಳೆಯುವುದು ಎಂದು ಇಬ್ಬರೂ ಕಾಫಿ ಕುಡಿದು ಯೋಚಿಸಿದೆವು. ಮನೆಗೆ ಬಂದರೆ ವೆಲ್ಯಾಂಕಾ ಹಿಟ್ಟು ನಾದುತ್ತಿದ್ದಳು. ಒಂದು ಮುದ್ದೆ ಕಿತ್ತು ಅವಳ ಅಂಗೈಗಿಟ್ಟೆ.

"ಸಿಗರೇಟು ಅಂದ್ಕೊಂಡು ಹಿಡಿ."

"ತಲೆ ಕೆಟ್ಟಿದೆಯಾ?"

"ಹಿಡಿಯೇ ಮಾರಾಯ್ತಿ."

ಹಿಡಿದಳು. ಕೊಕ್ಕೆ ಬೆರಳಿನ ಗುಳಿ, ಹೆಬ್ಬೆರಳಿನ ಒತ್ತು, ಅಂಗೈಯ ಉಬ್ಬು, ಎಲ್ಲ ಅಚ್ಚಾಗಿ ಬಂತು. ಬಟ್ಟೆ ಮುಚ್ಚಿ ಸಂಜೆ ತಾಸೆಯ ಅಂಗಡಿಗೆ ಒಯ್ದೆ. ಅವನು ಅಳೆದು, ಕಂಪ್ಯೂಟರಿನಲ್ಲಿ ಬರೆದು, ಮರುದಿನ ಅಚ್ಚು ತೆಗೆದ. ಡಬ್ಬಿ ಬಂತು. ಬಂದದ್ದು ಡಬ್ಬಿಯಲ್ಲ, ಬದನೆಕಾಯಿ.

"ಇದೇನೋ ಇದು, ಕರಡಿ ಕೈಗೆ ಮಾಡಿದೀಯಾ?" ಅಂದಳು ವೆಲ್ಯಾಂಕಾ.

"ಕೂಮಾ, ನಿಮ್ಮ ಮುದ್ದೆ ಅಳೆದೇ ಮಾಡಿದ್ದು!"

ಅವಳು ನನ್ನ ಕಡೆ ತಿರುಗಿದಳು. "ನೌಮ್, ಯಾವ ಹಿಟ್ಟು ಕೊಟ್ಟೆ?"

"ನೀನು ನಾದ್ತಿದ್ದದ್ದೇ."

"ಅದು ಬ್ರೆಡ್ಡಿನ ಹಿಟ್ಟು ಕಣೋ! ಬಟ್ಟೆ ಬೇರೆ ಮುಚ್ಚಿ ತಗೊಂಡು ಹೋಗಿದೀಯ! ಸಂಜೆ ತನಕ ಉಬ್ಬದೆ ನಿನ್ನ ಮುಖ ನೋಡ್ಕೊಂಡು ಕೂತಿರುತ್ತಾ?"

ತಾಸೆ ನಕ್ಕು ನಕ್ಕು ಹೊಲಿಗೆಯಂತ್ರದ ಮೇಲೆ ತಲೆಯಿಟ್ಟ. ಎರಡನೆಯ ಸಲ ಅವಳೇ ಉಪ್ಪು ಹಾಕಿ ಗಟ್ಟಿ ಹಿಟ್ಟು ಕಲಸಿದಳು, ಯೀಸ್ಟ್ ಇಲ್ಲದ್ದು, ಹಿಡಿದು ತೋರಿಸಿ ಒಲೆಯಲ್ಲಿ ಒಣಗಿಸಿಯೇ ಕೊಟ್ಟಳು.

ಈ ಸಲ ಬಂದದ್ದು ಹೊಳೆಯಲ್ಲಿ ಸಿಗುವ ನುಣ್ಣನೆ ಕಲ್ಲಿನ ಹಾಗಿತ್ತು. ಬೆಂಕಿಪೆಟ್ಟಿಗೆ ಎರಡನ್ನು ಜೋಡಿಸಿದಷ್ಟೇ ಗಾತ್ರ. ಒಂದು ಬದಿಗೆ ಕೊಕ್ಕೆ ಬೆರಳು ಕೂರುವ ಹಳ್ಳ. ಗುಂಡಿಯ ಬದಲು ಇನ್ನೊಂದು ಬದಿಯುದ್ದಕ್ಕೂ ಒಂದು ಪಟ್ಟಿ. ಬೆರಳು ಮಡಚಬೇಕಿಲ್ಲ, ಅಂಗೈಯಿಂದ ಮೆಲ್ಲಗೆ ಹಿಸುಕಿದರೆ ಒಳಗಿನ ಗುಂಡಿ ಒತ್ತಿಕೊಳ್ಳುತ್ತದೆ. ಒಳಭಾಗ ಜೋಡಿಸುವುದು ನನ್ನ ಕೆಲಸ. ಬ್ಯಾಟರಿಗೆ ಬೇರೆ ಕೋಣೆ, ಏನಾದರೂ ಆದರೆ ಗಾಳಿ ಹೊರಹೋಗಲು ತಳಕ್ಕೆ ತೂತು, ತಂತಿಗಳು ಮುಚ್ಚಳಕ್ಕೆ ಸಿಕ್ಕದಂತೆ ಒಳಗೋಡೆಗೊಂದು ತೋಡು. ಭೂತಗನ್ನಡಿ ಹಾಕಿಕೊಂಡು ಬೆಸುಗೆ ಹಾಕುವಾಗ ನಾನು ಹಳೆಯ ಹಾಡೊಂದನ್ನು ಗುನುಗುತ್ತಿದ್ದೆನಂತೆ. ನನ್ನ ರಿಪೇರಿ ಅಂಗಡಿ ಮುಚ್ಚಿದ ಮೇಲೆ ನಾನು ಗುನುಗಿದ್ದೇ ಇಲ್ಲವೆಂದು ವೆಲ್ಯಾಂಕಾ ಹೇಳಿದಳು.

ಆದರೆ ಪರೀಕ್ಷೆ ಮಾಡುವವರು ಯಾರು? ಮಾಡಿದ ನನಗೆ ಸೇದಲು ಬಾರದು. ಹಿಸುಕಿದೆ, ಆವಿ ಬಂತು, ಅಷ್ಟೇ ಗೊತ್ತು. ಅಂಗಳದ ಬೆಂಚಿನ ಮೇಲೆ ಅವಳನ್ನು ಕೂರಿಸಿದೆ.

"ಎಳೆತ ಬಿಗಿ" ಅಂದಳು. "ಕಟ್ಟಿಕೊಂಡ ಮೂಗಲ್ಲಿ ಉಸಿರಾಡಿದ ಹಾಗೆ."

ಗಾಳಿಯ ತೂತು ದೊಡ್ಡದು ಮಾಡಿಸಿದೆವು.

"ಈಗ ಸಡಿಲ. ಮುರಿದ ಕಿಟಕಿ ಮುಂದೆ ಬಾಯಿ ತೆಗೆದು ನಿಂತ ಹಾಗಿದೆ."

ಸಣ್ಣದು ಮಾಡಿಸಿದೆವು. ತಾಸೆಯೋ ಸಂತನಂಥ ತಾಳ್ಮೆಯವನು, ಪ್ರತಿ ಸಲವೂ ಒಂದು ಹೊಸ ಮುಚ್ಚಳ ಅಚ್ಚುಹಾಕಿ ಕೊಟ್ಟ. ಕೊನೆಗೊಂದು ಮುಚ್ಚಳಕ್ಕೆ ಅವಳು ಏನೂ ಹೇಳಲಿಲ್ಲ. ಎಳೆದಳು, ಬಿಟ್ಟಳು, ಊರ ಮೇಲಿನ ಮಾರ್ಕೊ ಕೋಟೆಯ ಬಂಡೆಗಳ ಕಡೆ ನೋಡುತ್ತ ಕೂತಳು. ಮತ್ತೆ ಎಳೆದಳು.

"ಏನಾದ್ರೂ ಹೇಳೇ."

"ಮಾತಾಡಿಸ್ಬೇಡ. ಸೇದ್ತಿದೀನಿ."

ಆ ದಿನದಿಂದ ಸಿಗರೇಟು ನಿಂತಿತು. ನಾನು ನಂಬಲಿಲ್ಲ, ಕದ್ದು ಒಲೆಯ ಬೂದಿ ಕೆದಕಿ ನೋಡಿದೆ. ನಿಂತಿತ್ತು. ಪರದೆ ಒಗೆದಳು, ನನ್ನ ಕೈಯಲ್ಲಿ ಗೋಡೆಗೆ ಸುಣ್ಣ ಹೊಡೆಸಿದಳು, ಕಂಬಳಿಗಳನ್ನು ಬಿಸಿಲಿಗೆ ಹಾಕಿದಳು. ಬೂದಿಬಟ್ಟಲುಗಳಲ್ಲಿ ಪುದೀನ ಗಿಡ ನೆಟ್ಟಳು. ಡಬ್ಬಿ ಮಾತ್ರ ಏಪ್ರನ್ನಿನ ಜೇಬಿನಲ್ಲಿ. ಬೀದಿಯಲ್ಲಿ ಸಿಕ್ಕವರಿಗೆಲ್ಲ ತೆಗೆದು ತೋರಿಸುವಳು: "ನಮ್ಮ ನೌಮ್ ಮಾಡಿದ್ದು. ನನ್ ಕೈಗೇ." ನಾನು ಪಕ್ಕದಲ್ಲಿ ನಿಂತು ಆಕಾಶ ನೋಡುತ್ತಿದ್ದೆ, ಆದರೆ ಕಿವಿ ಇಲ್ಲೇ ಇರುತ್ತಿತ್ತು.

ಗೊರ್ದಾನಾ ಸೋಮವಾರ ಬರುತ್ತೇನೆಂದಳು. ಅದಕ್ಕೆ ಮೊದಲಿನ ಶನಿವಾರ ನಮ್ಮ ಬೀದಿಯ ಐವಾರ್ ದಿನ.

ಐವಾರ್ ಕಾಯಿಸದ ಮನೆ ಮನೆಯಲ್ಲ. ಮೂಟೆಗಟ್ಟಲೆ ಕೆಂಪು ದೊಣ್ಣೆಮೆಣಸಿನಕಾಯಿ ಸುಡಬೇಕು, ಸಿಪ್ಪೆ ಸುಲಿಯಬೇಕು, ಅರೆಯಬೇಕು. ಆಮೇಲೆ ದೊಡ್ಡ ಪಾತ್ರೆಯಲ್ಲಿ ಎಣ್ಣೆ ಹಾಕಿ, ಸೌಟು ಎಳೆದರೆ ತಳ ಕಾಣುವ ತನಕ ಆ ಗೊಜ್ಜನ್ನು ಕಲಕುತ್ತಲೇ ಇರಬೇಕು. ಪ್ರತಿ ಅಂಗಳದಲ್ಲೂ ಹಳೆಯ ಕಟ್ಟಿಗೆ ಒಲೆ ಇರುವುದೇ ಇದಕ್ಕೆ. ನಮ್ಮ ಅಂಗಳಕ್ಕೆ ಪಕ್ಕದ ಮನೆಯ ರಿಸ್ತಾನಾ ತನ್ನ ಮೆಣಸಿನಕಾಯಿಯನ್ನೂ ತಂದಳು. ವೆಲ್ಯಾಂಕಾಳ ಜೊತೆ ಒಂದೇ ಗೋದಾಮಿನಲ್ಲಿ ಎಲೆ ವಿಂಗಡಿಸಿದವಳು, ಬಾಯಿ ತುಸು ಜೋರು.

"ಎಲ್ಲೇ ನಿನ್ನ ಮಂತ್ರದ ಡಬ್ಬಿ? ನೋಡೋಣ" ಅಂದಳು, ತುಟಿಯಲ್ಲಿ ಸಿಗರೇಟು ಕುಣಿಸುತ್ತ. "ಅಯ್ಯೋ, ಸೋಪಿನ ಹಾಗಿದೆ. ಇದನ್ನ ಸೇದೋದೋ, ಮೈಗೆ ಹಚ್ಚೋದೋ?"

"ನಿನ್ನ ಬಾಯಿ ತೊಳೆಯೋದಕ್ಕೆ ಬೇಕಾದ್ರೆ ಕೊಡ್ತೀನಿ" ಅಂದಳು ವೆಲ್ಯಾಂಕಾ.

ಮಧ್ಯಾಹ್ನದ ಹೊತ್ತಿಗೆ ಗೊಜ್ಜು ಕುದಿಯತೊಡಗಿತು, ಕೆಂಪು ಹನಿ ಸಿಡಿಯತೊಡಗಿತು. ಸೌಟು ಹಿಡಿಯಲು ಎರಡು ಕೈಯೂ ಬೇಕು. ವೆಲ್ಯಾಂಕಾ ಒಮ್ಮೆ ಎಳೆದು, ಡಬ್ಬಿಯನ್ನು ಪಕ್ಕಕ್ಕಿಟ್ಟು, ಕಲಕತೊಡಗಿದಳು. ನಾನು ಸಿಪ್ಪೆ ಸುಲಿಯುತ್ತ ಕೂತಿದ್ದೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ರಿಸ್ತಾನಾ ಮೂಗು ಅರಳಿಸಿದಳು.

"ಏನೋ ಸಿಹಿ ಸಿಹಿ ವಾಸನೆ. ಮೆಣಸಿನಕಾಯಿದಲ್ಲ."

ತಿರುಗಿ ನೋಡಿದೆ. ಡಬ್ಬಿ ಒಲೆಯ ಕಬ್ಬಿಣದ ಅಂಚಿನ ಮೇಲಿತ್ತು. ಒಳಗಿನ ಒಲೆಯಲ್ಲಿ ಇಷ್ಟು ವರ್ಷ ಪೊಟ್ಟಣ ಇಟ್ಟಂಥದೇ ಜಾಗ. ಕೈ ತಾನಾಗಿ ಅಲ್ಲಿಗೇ ಹೋಗಿ ಇಟ್ಟುಬಂದಿತ್ತು. ನುಣ್ಣನೆ ಕಲ್ಲಿನಂತಿದ್ದದ್ದು ಬಿಸಿಲಿಗಿಟ್ಟ ಚೀಸಿನ ಹಾಗೆ ಬಾಗಿ, ಅಂಚಿನಿಂದ ಕೆಳಗೆ ಜೋಲುತ್ತಿತ್ತು.

"ಯಾರೂ ಹತ್ರ ಬರ್ಬೇಡಿ!" ಎಂದು ಕೂಗಿ, ಇಕ್ಕಳದಲ್ಲಿ ಹಿಡಿದು, ಬೇಲಿ ಪಕ್ಕದ ಮರಳಿನ ಬಕೆಟ್ಟಿಗೆ ಹಾಕಿ ದೂರ ನಿಂತೆ. ಕಾದ ಬ್ಯಾಟರಿಯ ಜೊತೆ ಆಟವಾಡಬಾರದು. ಏನೂ ಆಗಲಿಲ್ಲ. ಬ್ಯಾಟರಿಗೆ ಸಂಜೆಯವರೆಗೆ ಮರಳೇ ಗತಿ, ಆಮೇಲೆ ಕಸದ ಗತಿ.

ವೆಲ್ಯಾಂಕಾ ಸೌಟು ಬಿಡಲಿಲ್ಲ. ಬಿಟ್ಟರೆ ತಳ ಹತ್ತುತ್ತದೆ. ಕಲಕುತ್ತಲೇ ಇದ್ದಳು, ಮುಖ ಮೆಣಸಿನಕಾಯಿಗಿಂತ ಕೆಂಪಾಗಿತ್ತು.

"ಪ್ಲಾಸ್ಟಿಕ್ಕು ಇಷ್ಟು ಬೇಗ ಕರಗುತ್ತಾ?" ಅಂದಳು ಕೊನೆಗೆ.

"ಅದು ಮೆಕ್ಕೆಜೋಳದಿಂದ ಮಾಡೋ ಪ್ಲಾಸ್ಟಿಕ್ಕು. ಬಿಸಿ ತಡೆಯಲ್ಲ."

"ಜೋಳದ್ದಾ?" ಅಂದಳು ರಿಸ್ತಾನಾ. "ಒಲೆ ಮೇಲಿಟ್ರೆ ಬೇಯದೆ ಇನ್ನೇನು ಮಾಡುತ್ತೆ? ಇನ್ನೊಂದು ಗಳಿಗೆ ಬಿಟ್ಟಿದ್ರೆ ಉಪ್ಪು ಹಾಕ್ಕೊಂಡು ತಿನ್ನಬಹುದಿತ್ತು."

ಯಾರೂ ನಗಲಿಲ್ಲ. ರಿಸ್ತಾನಾಳಿಗೂ ಕಸಿವಿಸಿಯಾಯಿತು. ಅವಳ ಒರಟುತನದ ಒಳಗೆ ಬೆಣ್ಣೆಯಿದೆ. ತನ್ನ ಪೊಟ್ಟಣದಿಂದ ಒಂದು ಸಿಗರೇಟು ತೆಗೆದು ವೆಲ್ಯಾಂಕಾಳ ತುಟಿಗೆ ಹಿಡಿದಳು.

"ತಗೊಳ್ಳೇ ಅಕ್ಕ. ಒಂದೇ ಒಂದು. ಯಾರಿಗೆ ಗೊತ್ತಾಗುತ್ತೆ?"

ನಾನು ಬಕೆಟ್ಟು ಮರೆತು ಅತ್ತ ತಿರುಗಿದೆ. ಅವಳು ಇಂದು ಒಂದು ಹಚ್ಚಿದರೆ ನಾಳೆ ಪೊಟ್ಟಣ ಒಲೆಯ ಅಂಚಿಗೆ ವಾಪಸು ಬರುತ್ತದೆ, ಸೋಮವಾರ ಮಗಳ ಕಾರು ನಮ್ಮ ಬೀದಿಗೆ ತಿರುಗುವುದಿಲ್ಲ. ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೆ ಹೇಳುವ ಹಾಗಿಲ್ಲ. ಬೇಡ ಎಂದರೆ ಬೇಕೆನ್ನುವ ಹೆಂಗಸು ಅವಳು.

ವೆಲ್ಯಾಂಕಾ ಸಿಗರೇಟನ್ನು ತೆಗೆದುಕೊಂಡಳು. ಮೂಸಿದಳು. ಬಡಗಿ ಪೆನ್ಸಿಲ್ ಸಿಕ್ಕಿಸಿಕೊಳ್ಳುವಂತೆ ಕಿವಿಯ ಹಿಂದೆ ಸಿಕ್ಕಿಸಿಕೊಂಡಳು.

"ಇಲ್ಲೇ ಇರ್ಲಿ" ಅಂದಳು. "ನೌಮ್, ನಿಂತು ಏನು ನೋಡ್ತೀಯ? ತಾಸೆ ಹತ್ರ ಹೋಗು. ಈ ಕಿವಿ ಎಷ್ಟೊತ್ತು ಕಾಯುತ್ತೋ ನಂಗೂ ಗೊತ್ತಿಲ್ಲ."

ತಾಸೆ ತನ್ನ ಅಂಗಳದಲ್ಲಿ ತನ್ನ ಹೆಂಡತಿಯ ಐವಾರ್ ಕಲಕುತ್ತಿದ್ದ. ಊರಿಗೆ ಊರೇ ಕಲಕುತ್ತಿತ್ತು. ವಿಷಯ ಹೇಳಿದೆ.

"ಕಾರಿನೊಳಗೆ ಬಳಸೋ ಜಾತಿ ಪ್ಲಾಸ್ಟಿಕ್ಕಿನ ದಾರ ಒಂದು ಸುರುಳಿ ಇದೆ ಕೂಮ್. ಬಿಸಿಗೆ ಜಗ್ಗಲ್ಲ. ಆದ್ರೆ ಬಣ್ಣ ನೇರಳೆ."

"ಬಣ್ಣ ಕಟ್ಕೊಂಡು ಏನಾಗ್ಬೇಕು!"

"ಇನ್ನೊಂದು ವಿಷ್ಯ. ಅದು ಮಹಾ ಸಿಡುಕು. ಅಚ್ಚು ಹಾಕುವಾಗ ಮೂಲೆ ಎದ್ದು ಬಿರುಕು ಬಿಡುತ್ತೆ. ಯಾಕೆ ಅಂತ ನಂಗೂ ಹಿಡಿತ ಸಿಕ್ಕಿಲ್ಲ."

ಭಾನುವಾರ ಬೆಳಗ್ಗೆ ಚರ್ಚು ಬಿಡುವ ಹೊತ್ತಿಗೆ ಮೊದಲನೆಯದು ಬಂತು. ಮೂಲೆ ಹಳೆಯ ಚಪ್ಪಲಿಯ ಹಾಗೆ ಮೇಲೆದ್ದಿತ್ತು, ಪಕ್ಕದಲ್ಲಿ ಉಗುರು ತೂರುವಷ್ಟು ಬಿರುಕು. ಆ ಹೊತ್ತಿಗೆ ಸರಿಯಾಗಿ ವೆಲ್ಯಾಂಕಾ ಚರ್ಚಿನ ಬಟ್ಟೆಯಲ್ಲೇ ಅಂಗಡಿಗೆ ಬಂದಳು, ಕಿವಿಯ ಹಿಂದೆ ಸಿಗರೇಟು ಹಾಗೇ ಇದೆ. ಪಾದ್ರಿ ಅದನ್ನೇ ನೋಡುತ್ತ ಪ್ರವಚನದ ಸಾಲು ಮರೆತರಂತೆ.

ಅವಳು ಒಳಗೆ ಕಾಲಿಟ್ಟವಳೇ ಮುಖ ಸಿಂಡರಿಸಿದಳು. ಮುಂದಿನ ಬಾಗಿಲು ತೆರೆದಿದೆ, ಹಿಂದಿನ ಕಿಟಕಿ ತೆರೆದಿದೆ, ನಡುವೆ ಯಂತ್ರ.

"ಅಡ್ಡಗಾಳಿ!" ಅಂದಳು, ಮನೆಗೆ ಹಾವು ಬಂದವರಂತೆ. "ತಾಸೆ, ನಿಮ್ಮಮ್ಮ ನಿಂಗೇನೂ ಕಲಿಸ್ಲಿಲ್ವಾ? ಎದುರುಬದರು ತೆಗೆದು ಕೂತಿದೀಯಲ್ಲೋ! ಸೊಂಟ ಹಿಡ್ಕೊಳ್ಳುತ್ತೆ, ಕಿವಿ ಸೋರುತ್ತೆ!"

"ಕರಗೋ ವಾಸನೆ ಹೋಗ್ಲಿ ಅಂತ ತೆಗ್ದೆ ಕೂಮಾ..."

"ಅಡ್ಡಗಾಳಿಗೆ ಮನುಷ್ಯರೇ ಬಾಯಿ ಸೊಟ್ಟಗಾಗಿ ಮಲಗ್ತಾರೆ, ಪ್ಲಾಸ್ಟಿಕ್ಕು ಯಾವ ಲೆಕ್ಕ?"

ತಾಸೆ ನಗಲು ಬಾಯಿ ತೆರೆದವನು ಹಾಗೇ ನಿಂತ. ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಬಿಸಿ ಪದರದ ಮೇಲೆ ತಣ್ಣನೆ ಗಾಳಿ ಒಂದು ಕಡೆಯಿಂದ ಬೀಸಿದರೆ ಆ ಕಡೆ ಬೇಗ ಕುಗ್ಗದೆ ಇರುತ್ತದೆಯೇ? ಅಡ್ಡಗಾಳಿಯ ಬಗ್ಗೆ ನಮ್ಮ ಅಜ್ಜಿಯರು ಹೇಳಿದ ಸಾವಿರ ಮಾತಿನಲ್ಲಿ ಒಂದಾದರೂ ನಿಜವಾಗಬೇಕಲ್ಲ, ಅದು ಇದೇ.

ಯಂತ್ರವನ್ನು ಹಿಂದಿನ ಕೊಟ್ಟಿಗೆಗೆ ಒಯ್ದೆವು, ವಾಸನೆ ಅಲ್ಲೇ ಇರಲಿ ಎಂದು. ಅದರ ಮೇಲೆ ಫ್ರಿಜ್ಜಿನ ದೊಡ್ಡ ರಟ್ಟಿನ ಪೆಟ್ಟಿಗೆ ಬೋರಲು ಹಾಕಿದೆವು. ವೆಲ್ಯಾಂಕಾ ಕೊಟ್ಟಿಗೆ ಬಾಗಿಲ ಸಂದಿಗೆ ಕಂಬಳಿ ತುರುಕಿದಳು, ಬಾಣಂತಿ ಕೋಣೆಗೆ ತುರುಕುವ ಹಾಗೆಯೇ. ಪೆಟ್ಟಿಗೆಗೆ ಕೊರೆದ ಕಿಂಡಿಯಿಂದ ಆಗಾಗ ಇಣುಕಿ ಬರುವ ಕೆಲಸ ತಾಸೆಯದು. ನಾವಿಬ್ಬರೂ ಅಂಗಡಿಯ ಮುಂದೆ ಕೂತು ಕಾಫಿ ಕುಡಿದೆವು. ಅವಳ ಕೈ ಎರಡು ಸಲ ಕಿವಿಯ ಹಿಂದಕ್ಕೆ ಹೋಯಿತು, ಎರಡು ಸಲವೂ ಕೂದಲು ಸರಿಮಾಡಿಕೊಂಡು ಬಂತು.

"ನೋಡ್ತಿದೀಯಾ?" ಅಂದಳು.

"ಇಲ್ವಲ್ಲ."

"ಸುಳ್ಳ."

ಇಳಿಹೊತ್ತಿಗೆ ತಾಸೆ ಅದನ್ನು ಅಂಗೈ ಮೇಲಿಟ್ಟುಕೊಂಡು ಬಂದ, ಕೋಳಿಮರಿ ತರುವವನಂತೆ. ಒಂದು ಮೂಲೆಯೂ ಎದ್ದಿರಲಿಲ್ಲ. ಗಾಢ ನೇರಳೆ, ಕತ್ತರಿಸಿದ ಬೀಟ್ರೂಟಿನ ಬಣ್ಣ. ಜೋಡಿ ಬ್ಯಾಟರಿ ತಂದಿದ್ದೆನಾದ್ದರಿಂದ ಇನ್ನೊಂದು ಹೊಸದು ಮನೆಯಲ್ಲಿತ್ತು, ಹಲಗೆಯೂ ಬಿಡಿ ಇತ್ತು. ದೀಪ ಹಚ್ಚುವ ಮೊದಲೇ ಜೋಡಿಸಿ ಮುಗಿಸಿದೆ. ಅವಳು ಅಂಗಳದ ಬೆಂಚಿನ ಮೇಲೆ ಕೂತು ಹಿಸುಕಿದಳು, ಎಳೆದಳು, ಕಣ್ಣು ಮುಚ್ಚಿದಳು. ಆಮೇಲೆ ಎದ್ದು ಬೇಲಿಯ ಹತ್ತಿರ ಹೋಗಿ ರಿಸ್ತಾನಾಳನ್ನು ಕೂಗಿದಳು. ಕಿವಿಯಿಂದ ಸಿಗರೇಟು ತೆಗೆದು ಬೇಲಿಯಾಚೆ ಚಾಚಿದಳು.

"ತಗೋ, ನಿನ್ನ ಬತ್ತಿ ನಿಂಗೇ."

"ಇದೇನೇ, ಕೂದಲೆಣ್ಣೆ ವಾಸನೆ ಬರ್ತಿದೆ!"

"ಸೇದು. ಕೂದಲು ಬೆಳೆಯುತ್ತೆ."

ಸೋಮವಾರ ಗೊರ್ದಾನಾ ಬಂದಳು. ಹೊಸಿಲಲ್ಲಿ ನಿಂತು ಮೂಗೆಳೆದಳು. ಪರದೆ ಹಿಡಿದು ಮೂಸಿದಳು, ಸೋಫಾ ಮೂಸಿದಳು, ಕೊನೆಗೆ ಅಮ್ಮನ ಕೂದಲನ್ನೇ ಮೂಸಿದಳು. ವೆಲ್ಯಾಂಕಾ ಶಾಲೆಯ ಹುಡುಗಿಯಂತೆ ಕೈಕಟ್ಟಿ ನಿಂತಿದ್ದಳು.

"ಸುಣ್ಣದ ವಾಸನೆ" ಅಂದಳು ಮಗಳು. "ಮತ್ತೆ ಮೆಣಸಿನಕಾಯಿ. ಅಷ್ಟೇ."

"ಅಷ್ಟೇ ಇನ್ನೇನು?"

ಮಗಳು ಮಗುವನ್ನು ಎತ್ತಿ ಅಮ್ಮನ ತೋಳಿಗೆ ಕೊಟ್ಟಳು. ಮೊಟ್ಟೆ, ಸಕ್ಕರೆ, ಹತ್ತಿ, ಎಲ್ಲ ಆಯಿತು. ಹತ್ತಿ ಸವರುವಾಗ ಮಗು ಅಜ್ಜಿಯ ಕೊಕ್ಕೆ ಬೆರಳನ್ನೇ ಹಿಡಿದುಕೊಂಡಿತು. ಆ ಬೆರಳಿನ ಬಾಗು ಆ ಪುಟ್ಟ ಮುಷ್ಟಿಗೂ ಸರಿಯಾಗಿ ಕೂತಿತು. ಹಾಗೇ ಹಿಡಿದುಕೊಂಡು ನಿದ್ದೆಹೋಯಿತು. ವೆಲ್ಯಾಂಕಾ ಒಲೆಯ ಪಕ್ಕದ ಕುರ್ಚಿಯಲ್ಲಿ ಅಲ್ಲಾಡದೆ ಕೂತಳು. ಒಲೆಯೊಳಗೆ ಹುರುಳಿಕಾಯಿ ಬೀಜದ ಮಡಕೆ ಬೇಯುತ್ತಿತ್ತು, ಈ ಸಲ ಸ್ಟ್ರಾಬೆರಿಯಿಲ್ಲದೆ.

"ನೌಮ್" ಎಂದು ಪಿಸುಗುಟ್ಟಿದಳು. "ಜೇಬಲ್ಲಿರೋ ಡಬ್ಬಿ ತೆಗಿ. ಪಾಪು ಕಾಲಿಗೆ ಚುಚ್ಚುತ್ತೆ."

ಮೆಲ್ಲಗೆ ತೆಗೆದೆ. ಮಗುವಿನ ಮುಖ ನೋಡುತ್ತ, ಕೈಯಲ್ಲಿದ್ದದ್ದನ್ನು ಪಕ್ಕಕ್ಕಿಟ್ಟು, ಬಾಗಿ ಅದರ ಪಾದ ಮುಟ್ಟಿದೆ.

"ಅಪ್ಪಾ, ಒಲೆ!" ಎಂದು ಗೊರ್ದಾನಾ ಕಿರುಚಿದಳು. ಕರಗಿದ ಕಥೆ ಅವಳಿಗೆ ಫೋನಿನಲ್ಲಿ ರಿಸ್ತಾನಾಳೇ ಹೇಳಿಯಾಗಿತ್ತು.

ಮಗು ಬೆಚ್ಚಿ ಎದ್ದು ಅತ್ತಿತು. ಎದೆಯ ಗೊರಗೊರ ಕೇಳದಷ್ಟು ಜೋರಾಗಿ, ಬಿತೋಲದ ಬೀಗಿತ್ತಿಗೂ ಕೇಳುವ ಹಾಗೆ. ನಾನು ತಿರುಗಿ ನೋಡಿದೆ. ನೇರಳೆ ಡಬ್ಬಿ ಒಲೆಯ ಕಬ್ಬಿಣದ ಅಂಚಿನ ಮೇಲೆ, ತನ್ನ ಜಾಗದಲ್ಲಿ, ಒಂದು ಮೂಲೆಯೂ ಕದಲದೆ ಕೂತಿತ್ತು. ನಲವತ್ತು ವರ್ಷದಿಂದ ಆ ಅಂಚಿನ ಮೇಲೆ ಏನನ್ನೂ ಇಡಬೇಡವೆಂದು ಗೊಣಗುತ್ತ ಬಂದವನು ನಾನು.

ಕೈ ಸುಟ್ಟುಕೊಂಡು ಎತ್ತಿ, ತೆರೆದಿದ್ದ ಕಿಟಕಿಯ ಕಟ್ಟೆಗಿಟ್ಟೆ. ಬ್ಯಾಟರಿಗೆ ಬಿಸಿ ಹೇಗೂ ಒಳ್ಳೆಯದಲ್ಲ.

ವೆಲ್ಯಾಂಕಾ ಮಗುವನ್ನು ತೂಗುತ್ತ, ಸದ್ದಿಲ್ಲದೆ, ಭುಜ ಕುಣಿಯುವಂತೆ ನಗುತ್ತಿದ್ದಳು.

"ಅಳು ಬಂಗಾರಿ, ಅಳು" ಅಂದಳು. "ನಿಮ್ಮಜ್ಜಂಗೆ ವಯಸ್ಸಾಯ್ತು. ಮಾಡೋದು ಗೊತ್ತು, ಇಡೋದು ಗೊತ್ತಿಲ್ಲ." ಮತ್ತೆ ನನ್ನ ಕಡೆ ತಿರುಗಿ, "ಆ ಕಿಟಕಿ ಮುಚ್ಚು. ಅಡ್ಡಗಾಳಿ."